ಓದುವವರಿಗೂ ಒಂದು ಕುರ್ಚಿ ಹಾಕಿ

(ಮಂಠಾಳದ ಯುವಜನರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಗೆಳೆಯರೇ, ತಂಗಿಯರೇ, ಹಿಂದೆ ನಿಂತುಕೊಂಡೇ ಕೇಳುತ್ತಿರುವ ಅಣ್ಣಂದಿರೇ,

ಭಾಷಣ ಎಂದರೆ ನಿಮಗೆ ಆಕಳಿಕೆ ಬರುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ನೇರವಾಗಿ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮ್ಮ ಪರೀಕ್ಷೆಯ ವೇಳಾಪಟ್ಟಿ ಮಾಡುವವರು ಯಾರು? ಪರೀಕ್ಷೆಯ ಫೀಸು ಇಷ್ಟು ಎಂದು ಬರೆಯುವವರು ಯಾರು? ಯಾವ ಪುಸ್ತಕ ಪಠ್ಯ, ಯಾವುದು ಬೇಡ ಎಂದು ತೀರ್ಮಾನಿಸುವವರು ಯಾರು? ಫಲಿತಾಂಶ ತಿಂಗಳುಗಟ್ಟಲೆ ತಡವಾದರೆ ಹೋಗಿ ಯಾರನ್ನು ಕೇಳುತ್ತೀರಿ?

ಗೊತ್ತಿಲ್ಲ ಅಲ್ಲವೇ? ನಿಮ್ಮೂರ ಶಾಸಕ ಯಾರು ಎಂದು ಕೇಳಿದರೆ ಥಟ್ಟನೆ ಹೇಳುತ್ತೀರಿ. ಗ್ರಾಮ ಪಂಚಾಯತಿಯಲ್ಲಿ ಯಾವ ವಾರ್ಡಿನಿಂದ ಯಾರು ಗೆದ್ದರು ಎಂಬುದೂ ನಿಮಗೆ ಬಾಯಿಪಾಠ. ಆದರೆ ನಿಮ್ಮ ಬದುಕಿನ ಮೂರು ವರ್ಷವನ್ನು ಕೈಯಲ್ಲಿ ಹಿಡಿದಿರುವ ವಿಶ್ವವಿದ್ಯಾಲಯದಲ್ಲಿ ತೀರ್ಮಾನ ಮಾಡುವವರ ಒಂದು ಹೆಸರೂ ನಿಮಗೆ ಗೊತ್ತಿಲ್ಲ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಗೊತ್ತಾಗದ ಹಾಗೆಯೇ ಏರ್ಪಾಡು ಇದೆ.

ಇಲ್ಲಿರುವ ಬಹಳಷ್ಟು ಜನ ಮಂಠಾಳದಿಂದ, ಸುತ್ತಲಿನ ಹಳ್ಳಿಗಳಿಂದ ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಬಸ್ಸು ಹತ್ತಿ ಹೋಗಿ ಓದುವವರು. ಕೆಲವರು ಬೀದರಿನಲ್ಲಿ, ಕಲಬುರಗಿಯಲ್ಲಿ, ದೂರದ ಬೆಂಗಳೂರಿನಲ್ಲಿ ರೂಮು ಮಾಡಿಕೊಂಡವರು. ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷೆ ಎಂದು ಬರೆಯುವಾಗ ಆ ಹೊತ್ತಿಗೆ ಹಳ್ಳಿಯಿಂದ ಬಸ್ಸು ಬಂದಿರುತ್ತದೆಯೇ ಎಂದು ಕೇಳುವವರೊಬ್ಬರು ಆ ಕೋಣೆಯಲ್ಲಿ ಇರಬೇಕಲ್ಲವೇ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡು ಉಳಿಯಿತು, ನಿಜ. ಆದರೆ ಬಸ್ಸೇ ಬರದಿದ್ದರೆ? ಹೊತ್ತವನಿಗೇ ಗೊತ್ತು ಹೊರೆಯ ಭಾರ. ಹೊತ್ತವರನ್ನು ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಭಾರದ ಲೆಕ್ಕ ಹಾಕುತ್ತಿದ್ದಾರೆ. ಇವತ್ತು ನಾನು ಮಾತಾಡಲು ಬಂದಿರುವುದು ಇದರ ಬಗ್ಗೆ.

ಒಳಗೆ ಕೂತವರು ಯಾರು?

ಬೀದರ್ ವಿಶ್ವವಿದ್ಯಾಲಯ ಹುಟ್ಟಿದ್ದು 2023ರಲ್ಲಿ. ಅದಕ್ಕೆ ಮುಂಚೆ ನಮ್ಮ ಕಾಲೇಜುಗಳೆಲ್ಲ 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ದವು. ಅದಕ್ಕೂ ಹಿಂದೆ ನಮ್ಮ ಅಣ್ಣಂದಿರು ಧಾರವಾಡದ ಕಡೆ ಮುಖ ಮಾಡಬೇಕಿತ್ತು. ವಿಶ್ವವಿದ್ಯಾಲಯ ಹತ್ತಿರ ಬಂತು, ಸಂತೋಷ. ಹತ್ತಿರ ಬಂದದ್ದು ಕಟ್ಟಡ. ಅಧಿಕಾರ ಹತ್ತಿರ ಬಂದಿತೇ?

ಇದೂ, ರಾಜ್ಯದ ಬಹುಪಾಲು ಸಾಮಾನ್ಯ ವಿಶ್ವವಿದ್ಯಾಲಯಗಳೂ ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ದ ಪ್ರಕಾರ. ಅದರ ಹಿಂದೆ 1976ರ ಕಾಯ್ದೆ ಇತ್ತು. ಆ ಹಳೆಯ ಕಾಯ್ದೆಯಲ್ಲಿ ಸೆನೆಟ್ ಎಂಬ ದೊಡ್ಡ ಸಭೆ ಇತ್ತು. ಸಭೆ ಕೂಡುತ್ತಿತ್ತು, ಗದ್ದಲವಾಗುತ್ತಿತ್ತು, ಪ್ರಶ್ನೆಗಳು ಏಳುತ್ತಿದ್ದವು, ಕುಲಪತಿಗಳು ಉತ್ತರ ಕೊಡಬೇಕಾಗುತ್ತಿತ್ತು. 2000ದ ಕಾಯ್ದೆ ಸೆನೆಟ್ಟನ್ನೇ ತೆಗೆದುಹಾಕಿತು. ಗದ್ದಲ ನಿಂತಿತು. ಅದರ ಜೊತೆಗೆ ಪ್ರಶ್ನೆಯೂ ನಿಂತಿತು!

ಈಗ ಎಲ್ಲದರ ಮೇಲೆ ಕೂತಿರುವುದು ಸಿಂಡಿಕೇಟು. ಕುಲಪತಿಗಳು ಅದರ ಅಧ್ಯಕ್ಷರು. ಇಲಾಖೆಯ ಅಧಿಕಾರಿಗಳಿರುತ್ತಾರೆ. ಕೆಲವು ಡೀನರು, ಪ್ರಿನ್ಸಿಪಾಲರು ಇರುತ್ತಾರೆ. ರಾಜ್ಯ ಸರ್ಕಾರ ಆರು ಜನರನ್ನು ನಾಮಕರಣ ಮಾಡುತ್ತದೆ. ರಾಜ್ಯಪಾಲರೂ ತಮ್ಮ ಕಡೆಯವರನ್ನು ಹಾಕುತ್ತಾರೆ. ಸರ್ಕಾರ ಬದಲಾದರೆ ಆ ಆರು ಜನರೂ ಬದಲಾಗುವುದನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೀರಿ. ಇವರಲ್ಲಿ ನೀವು ಮತ ಹಾಕಿ ಕಳಿಸಿದವರು ಒಬ್ಬರೂ ಇಲ್ಲ. ಪಠ್ಯದ ವಿಷಯ ನೋಡುವ ವಿದ್ಯಾವಿಷಯಕ ಪರಿಷತ್ತು, ಆಯಾ ವಿಷಯದ ಅಧ್ಯಯನ ಮಂಡಳಿ, ಹಣಕಾಸು ಸಮಿತಿ, ಎಲ್ಲಿ ಹುಡುಕಿದರೂ ನಿಮ್ಮ ಚೀಟಿಯಿಂದ ಗೆದ್ದವರು ಸಿಗುವುದಿಲ್ಲ.

ಕೇಳದೆ ಮಾಡಿದ ತೀರ್ಮಾನಗಳು

ಇದರಿಂದ ಆಗುವುದೇನು ಎಂದು ಕೇಳುತ್ತೀರಾ? ಎರಡೇ ಉದಾಹರಣೆ ಹೇಳುತ್ತೇನೆ.

2021ರಲ್ಲಿ ದೇಶಕ್ಕೇ ಮೊದಲು ಎಂದು ಹೆಮ್ಮೆಪಡುತ್ತ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಕಾಲೇಜುಗಳಿಗೆ ತಂದಿತು. ನಾಲ್ಕು ವರ್ಷದ ಪದವಿ, ನಡುವೆ ಬಿಟ್ಟುಹೋಗಲು ಬಾಗಿಲುಗಳು, ಹೊಸ ಹೊಸ ವಿಷಯಗಳು, ಅಂಕಗಳಿಗೆಲ್ಲ ಒಂದೇ ಕಂಪ್ಯೂಟರ್ ವ್ಯವಸ್ಥೆ. ಸರ್ಕಾರ ಬದಲಾಯಿತು. ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. ಅದರ ಮಧ್ಯಂತರ ವರದಿಯ ಮೇಲೆ 2024ರಲ್ಲಿ ಮತ್ತೆ ಮೂರು ವರ್ಷದ ಪದವಿ ಬಂತು. ಒಂದೇ ಕಾಲೇಜಿನಲ್ಲಿ ಅಕ್ಕ ಒಂದು ಪದ್ಧತಿಯಲ್ಲಿ, ತಂಗಿ ಇನ್ನೊಂದು ಪದ್ಧತಿಯಲ್ಲಿ ಓದಿದರು. ಅಕ್ಕನ ನೋಟ್ಸು ತಂಗಿಗೆ ಉಪಯೋಗಕ್ಕೆ ಬರಲಿಲ್ಲ. ಯಾವ ನೀತಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಜಗಳಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ತಂದಾಗಲೂ ಆತುರ, ತೆಗೆದಾಗಲೂ ಆತುರ. ಎರಡು ಸಲವೂ ತರಗತಿಯಲ್ಲಿ ಕೂತವರ ಪರವಾಗಿ ಸಹಿ ಹಾಕಿದವರು ಯಾರು? ಯಾರೂ ಇಲ್ಲ.

ಎರಡನೆಯದು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯೊಂದು ಬೆಂಗಳೂರಿನಲ್ಲಿ ಕೂತು, ಹಿಂದಿನ ಸರ್ಕಾರ ತೆರೆದಿದ್ದ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದು ಎಂದಿತು. ಹಣವಿಲ್ಲ, ಜಾಗವಿಲ್ಲ, ಸಿಬ್ಬಂದಿ ಇಲ್ಲ ಎಂಬ ಕಾರಣ ಕೊಟ್ಟಿತು. ಉಳಿಸಿಕೊಳ್ಳಬಹುದು ಎಂದ ಒಂದೇ ಒಂದು ನಮ್ಮ ಬೀದರ್. ಇಲ್ಲಿ ಕೆಲವರು ಅಂದು ನಿಟ್ಟುಸಿರು ಬಿಟ್ಟಿರಬಹುದು. ನಾನು ಕೇಳುವುದಿಷ್ಟೇ: ಅದು ಉಳಿದದ್ದು ನೀವು ಮಾತಾಡಿದ್ದರಿಂದಲೋ? ಅವರ ಲೆಕ್ಕದ ಪುಸ್ತಕದಲ್ಲಿ ಕಾಲೇಜುಗಳ ಸಂಖ್ಯೆ ಜಾಸ್ತಿ ಇದ್ದದ್ದರಿಂದಲೋ? ಇವತ್ತು ನಿಮ್ಮನ್ನು ಕೇಳದೆ ಉಳಿಸಿದವರು ನಾಳೆ ನಿಮ್ಮನ್ನು ಕೇಳದೆ ಮುಚ್ಚಬಲ್ಲರು. ದಯೆಯಿಂದ ಸಿಕ್ಕಿದ್ದಕ್ಕೂ ಹಕ್ಕಿನಿಂದ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸ ಇದು.

ಅದೇ 2025ರ ಜನವರಿಯಲ್ಲಿ ದೆಹಲಿಯ ಯುಜಿಸಿ ಒಂದು ಕರಡು ಹೊರಡಿಸಿತು. ಕುಲಪತಿ ನೇಮಕದ ಶೋಧನಾ ಸಮಿತಿಯಲ್ಲಿ ರಾಜ್ಯ ಸರ್ಕಾರದ ಪಾತ್ರ ಕಿತ್ತುಕೊಳ್ಳುತ್ತಾರೆ ಎಂದು ನಮ್ಮ ಸರ್ಕಾರ ಸಿಡಿದೆದ್ದಿತು. ಬೇರೆ ರಾಜ್ಯಗಳ ಮಂತ್ರಿಗಳನ್ನೂ ಬೆಂಗಳೂರಿಗೆ ಕರೆಸಿ ಸಭೆ ಮಾಡಿತು. ಮಾಡಬೇಕಾದದ್ದೇ! ಕನ್ನಡನಾಡಿನ ವಿಶ್ವವಿದ್ಯಾಲಯಕ್ಕೆ ಯಾರು ಕುಲಪತಿ ಎಂಬುದು ದೆಹಲಿಯಲ್ಲಿ ತೀರ್ಮಾನವಾಗುವುದು ಬೇಡ. ಆದರೆ ಸ್ವಾಮಿ, ದೆಹಲಿಗೆ ನೀವು ಹೇಳಿದ ಮಾತನ್ನೇ ನಾವು ನಿಮಗೆ ಹೇಳುತ್ತಿದ್ದೇವೆ. ದೆಹಲಿ ಬೆಂಗಳೂರನ್ನು ಕೇಳಬೇಕಾದರೆ ಬೆಂಗಳೂರು ಬಸವಕಲ್ಯಾಣವನ್ನೂ ಕೇಳಬೇಕು.

ಫರ್ಮಾನಿನ ನೆನಪು

ಕೇಳದೆ ಆಳುವುದು ನಮ್ಮ ಸೀಮೆಗೆ ಹೊಸದಲ್ಲ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ನಿಜಾಮರ ಫರ್ಮಾನಿನಿಂದ ಹುಟ್ಟಿತು. ಇಂಗ್ಲಿಷನ್ನು ಬಿಟ್ಟು ದೇಶದ ಭಾಷೆಯೊಂದರಲ್ಲಿ ಎಲ್ಲ ವಿಷಯ ಕಲಿಸಿದ ಆ ಸಾಹಸವನ್ನು ಮೆಚ್ಚಲೇಬೇಕು. ವಿಜ್ಞಾನ, ಕಾನೂನು, ಚರಿತ್ರೆ ಎಲ್ಲವೂ ಉರ್ದುವಿನಲ್ಲಿ. ಆದರೆ ಆ ಸಂಸ್ಥಾನದಲ್ಲಿ ಕನ್ನಡ, ತೆಲುಗು, ಮರಾಠಿ ಮಾತಾಡುವವರೇ ಹೆಚ್ಚು. ಬೀದರಿನ, ರಾಯಚೂರಿನ, ಗುಲಬರ್ಗದ ಹುಡುಗನನ್ನು ಯಾರೂ ಕೇಳಲಿಲ್ಲ. ಭಾಷೆಯ ತೀರ್ಮಾನ ಅರಮನೆಯಲ್ಲಿ ಆಯಿತು. 1938ರಲ್ಲಿ ಅದೇ ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ವಿದ್ಯಾರ್ಥಿಗಳು ವಂದೇ ಮಾತರಂ ಹಾಡಿದರು. ಹಾಡಿದ್ದಕ್ಕೆ ಹೊರಗೆ ಹಾಕಿದರು. ಎಷ್ಟೋ ಜನ ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರೂ ಹಾಗೆ ನಾಗಪುರಕ್ಕೆ ಹೋದವರೇ.

ಈಗ ಒಂದು ಸೋಜಿಗ ಕೇಳಿ. ಅದೇ 1918ರಲ್ಲಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಅರ್ಜೆಂಟೀನಾ ದೇಶದ ಕೊರ್ದೊಬಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಅಲ್ಲಿನ ವಿಶ್ವವಿದ್ಯಾಲಯ ಕೆಲವೇ ಮನೆತನಗಳ, ಪಾದ್ರಿಗಳ ಹಿಡಿತದಲ್ಲಿತ್ತು. ಆಡಳಿತದಲ್ಲಿ ಅಧ್ಯಾಪಕರ ಜೊತೆ ವಿದ್ಯಾರ್ಥಿಗಳಿಗೂ, ಓದಿ ಹೊರಬಂದ ಪದವೀಧರರಿಗೂ ಪಾಲು ಬೇಕು ಎಂದು ಪಟ್ಟು ಹಿಡಿದರು. ಅಲ್ಲಿಂದ ಎದ್ದ ಗಾಳಿ ಇಡೀ ದಕ್ಷಿಣ ಅಮೆರಿಕಕ್ಕೆ ಬೀಸಿತು. ಒಂದೇ ವರ್ಷದಲ್ಲಿ ಅಲ್ಲಿ ಪಾಲು ಕೇಳಿದರು, ಇಲ್ಲಿ ಫರ್ಮಾನು ಓದಿದರು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ಸುತ್ತೋಲೆ ಎಂಬ ಹೊಸ ಹೆಸರಿನಲ್ಲಿ ಫರ್ಮಾನು ಮಾತ್ರ ಇನ್ನೂ ಬರುತ್ತಿದೆ.

ಅಷ್ಟು ದೂರ ಯಾಕೆ ಹೋಗಬೇಕು? ಇಲ್ಲಿಂದ ಬಸ್ಸಿನ ದಾರಿಯಲ್ಲಿರುವ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪ ಇತ್ತು ಎಂದು ನಾವು ಎದೆ ತಟ್ಟಿ ಹೇಳುತ್ತೇವೆ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ, ಮನೆಬಿಟ್ಟು ಬಂದ ಅಕ್ಕಮಹಾದೇವಿ ಮಾತಾಡಿದ ಪರಂಪರೆ ನಮ್ಮದು ಎಂದು ವೇದಿಕೆ ಮೇಲೆ ಹಾಡಿ ಹೊಗಳುತ್ತೇವೆ. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಕಲ್ಲಿನ ಮಂಟಪ ಕಟ್ಟಲಿ, ಬೇಡ ಎನ್ನುವುದಿಲ್ಲ. ಅದರ ಪಕ್ಕದಲ್ಲೇ ಇರುವ ಕಾಲೇಜಿನಲ್ಲಿ ಓದುವ ಮಡಿವಾಳರ ಹುಡುಗಿಗೆ, ಸಮಗಾರರ ಹುಡುಗನಿಗೆ ಬಾಯಿ ಬಿಡಲು ಒಂದು ಸಭೆ ಇಲ್ಲವಲ್ಲ! ಆ ಸಭೆ ಕಟ್ಟಲು ಕಲ್ಲು ಬೇಕಿಲ್ಲ.

ನೆಗಡಿ ಬಂತೆಂದು ಮೂಗು ಕೊಯ್ದರು

ಚುನಾವಣೆ ಮಾಡಿದರೆ ಹೊಡೆದಾಟವಾಗುತ್ತದೆ ಎಂಬುದು ದೊಡ್ಡವರ ದೊಡ್ಡ ವಾದ. ಇದನ್ನು ಹಾರಿಸಿಕೊಂಡು ಹೋಗಬಾರದು, ಎದುರಿಸಬೇಕು.

ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತದ್ದು 1989-90ರ ಹೊತ್ತಿಗೆ. ಹಣ, ಹೆಂಡ, ಜಾತಿ, ಚಾಕು ಎಲ್ಲವೂ ಕಾಲೇಜಿನ ಒಳಗೆ ಬಂದಿದ್ದವು ಎಂದು ಆ ಕಾಲದವರು ಹೇಳುವುದು ಸುಳ್ಳಲ್ಲ. ಆದರೆ ಇನ್ನೊಂದು ಸಂಗತಿ ನೋಡಿ. 1989ರಲ್ಲೇ ಭಾರತದಲ್ಲಿ ಮತ ಹಾಕುವ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಪ್ರಧಾನಿಯನ್ನು ಆರಿಸುವಷ್ಟು ಬುದ್ಧಿ ಹದಿನೆಂಟಕ್ಕೆ ಬರುತ್ತದೆ ಎಂದು ದೇಶ ಒಪ್ಪಿದ ಹೊತ್ತಿನಲ್ಲೇ, ಕಾಲೇಜು ಸಂಘದ ಕಾರ್ಯದರ್ಶಿಯನ್ನು ಆರಿಸುವಷ್ಟು ಬುದ್ಧಿ ಬರುವುದಿಲ್ಲ ಎಂದು ನಮ್ಮ ರಾಜ್ಯ ಹೇಳಿತು! ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಕಥೆ ಇನ್ನೂ ಚೆಂದ. ಪದವಿ ಮುಗಿದು ಮೂರು ವರ್ಷವಾದ ಮೇಲೆ ಅಲ್ಲಿ ಮತ. ಓದುವಾಗ ಬಾಯಿ ಮುಚ್ಚಿಕೊಂಡಿರು, ಓದು ಮುಗಿಸಿ ಹೋದ ಮೇಲೆ ಬಂದು ಮಾತಾಡು ಎಂದ ಹಾಗೆ.

ಚುನಾವಣೆಯನ್ನು ಶುದ್ಧವಾಗಿ ಮಾಡುವುದು ಹೇಗೆ ಎಂದು ಹೇಳಿದವರಿಲ್ಲವೇ? ಇದ್ದಾರೆ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಅವರ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಜಾರಿ ಮಾಡಿ ಎಂದಿತು. ಅಭ್ಯರ್ಥಿ ಐದು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಅಚ್ಚು ಹಾಕಿಸಿದ ಪೋಸ್ಟರು ಅಂಟಿಸುವಂತಿಲ್ಲ, ಕೈಯಲ್ಲೇ ಬರೆಯಬೇಕು. ಹಾಜರಿ 75 ಶೇಕಡ ಇರಬೇಕು. ಬಾಕಿ ವಿಷಯ ಇರಬಾರದು. ವಯಸ್ಸಿಗೆ ಮಿತಿ. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನದೊಳಗೆ ಮುಗಿಯಬೇಕು. ರಾಜಕೀಯ ಪಕ್ಷದ ದುಡ್ಡು ಬೇಡ. ಇಷ್ಟು ಬೇಲಿ ಹಾಕಿಕೊಟ್ಟ ಮೇಲೂ ಹೊಲವನ್ನು ಬೀಳು ಬಿಟ್ಟವರು ನಾವು. ಮತ್ತೆ ಚುನಾವಣೆ ಮಾಡೋಣವೇ ಎಂಬ ಮಾತು 2025ರ ಕೊನೆಗೆ ರಾಜ್ಯದಲ್ಲಿ ಎದ್ದಿತು. ಏಳುವುದು, ಮಲಗುವುದು ಎರಡೂ ನಮ್ಮಲ್ಲಿ ಮಾಮೂಲು. ಮಲಗಲು ಬಿಡದಿರುವುದು ನಿಮ್ಮ ಕೆಲಸ.

ಪಕ್ಕದ ಕೇರಳದಲ್ಲಿ ಚುನಾವಣೆ ನಡೆಯುತ್ತದೆ. ಕಾಸರಗೋಡಿನ ಸರ್ಕಾರಿ ಕಾಲೇಜು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿ ಕನ್ನಡ ಓದುವ ಗಡಿನಾಡ ಹುಡುಗಿ ತನ್ನ ಸಂಘಕ್ಕೆ ಮತ ಹಾಕುತ್ತಾಳೆ, ಅಲ್ಲಿನ ಸೆನೆಟ್ಟಿನಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳಿಗೆ ಜಾಗವಿದೆ. ಬೇರೆ ರಾಜ್ಯದಲ್ಲಿ ಸಿಕ್ಕಿಕೊಂಡ ಕನ್ನಡತಿಗೆ ಇರುವ ಹಕ್ಕು ಕನ್ನಡನಾಡಿನಲ್ಲೇ ಇರುವ ಕನ್ನಡತಿಗೆ ಇಲ್ಲ. ಆದರೆ ಕೇರಳದಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುವುದಿಲ್ಲ. 2018ರಲ್ಲಿ ಎರ್ನಾಕುಳಂನ ಮಹಾರಾಜಾಸ್ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿಯ ಕೊಲೆಯೇ ಆಯಿತು. ಆ ರಕ್ತವನ್ನು ಮರೆತು ಚುನಾವಣೆ ಕೇಳುವವನು ನಿಮ್ಮ ಗೆಳೆಯನಲ್ಲ. ಚಾಕು ಹಿಡಿದವನನ್ನು ಜೈಲಿಗೆ ಕಳಿಸಬೇಕು. ಚೀಟಿ ಹಿಡಿದವನನ್ನು ಯಾಕೆ ಮನೆಗೆ ಕಳಿಸುತ್ತೀರಿ?

ಪಾಲು ಎಂದರೆ ಎಷ್ಟು ಪಾಲು?

ವಿದ್ಯಾರ್ಥಿಗಳೇ ಪಠ್ಯ ಬರೆದುಕೊಂಡು, ಅವರೇ ಅಂಕ ಹಾಕಿಕೊಳ್ಳಲಿ ಎನ್ನುತ್ತೀರಾ ಎಂದು ಮೇಷ್ಟ್ರುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯ ಬಹಳ ಹಳೆಯದು. ಮೊದಮೊದಲು ಅಲ್ಲಿ ವಿದ್ಯಾರ್ಥಿಗಳೇ ಯಜಮಾನರು. ತಡವಾಗಿ ಬಂದ ಮೇಷ್ಟ್ರಿಗೆ ದಂಡ ಹಾಕುತ್ತಿದ್ದರು! ಅಷ್ಟು ದೂರ ನಾವು ಹೋಗಬೇಕಿಲ್ಲ. ಜರ್ಮನಿಯಲ್ಲಿ 1973ರಲ್ಲಿ ಈ ಜಗಳ ಅವರ ಸಂವಿಧಾನ ನ್ಯಾಯಾಲಯದವರೆಗೂ ಹೋಯಿತು. ವಿದ್ಯಾರ್ಥಿಗಳು, ಸಿಬ್ಬಂದಿ ಎಲ್ಲರೂ ಸಭೆಯಲ್ಲಿ ಇರಬಹುದು. ಆದರೆ ಪಾಠದ ವಿಷಯಗಳಲ್ಲಿ ಅರ್ಧದಷ್ಟು, ಸಂಶೋಧನೆಯ ವಿಷಯಗಳಲ್ಲಿ ಅರ್ಧಕ್ಕೂ ಹೆಚ್ಚು ಮತ ಪ್ರಾಧ್ಯಾಪಕರ ಕೈಯಲ್ಲಿರಬೇಕು ಎಂದು ತೀರ್ಪಾಯಿತು. ಇದರಲ್ಲಿ ವಿವೇಕವಿದೆ. ಯಾರ ಪಿಎಚ್.ಡಿ. ಒಪ್ಪಬೇಕು, ಯಾರಿಗೆ ಎಷ್ಟು ಅಂಕ, ಇವುಗಳಲ್ಲಿ ಮೇಷ್ಟ್ರ ಮಾತೇ ನಡೆಯಲಿ. ಆದರೆ ಹಾಸ್ಟೆಲಿನ ಅನ್ನ, ಗ್ರಂಥಾಲಯದ ವೇಳೆ, ಫೀಸು, ವೇಳಾಪಟ್ಟಿ, ಮರುಮೌಲ್ಯಮಾಪನದ ನಿಯಮ, ಹೆಣ್ಣುಮಕ್ಕಳ ಶೌಚಾಲಯ ಇವುಗಳಲ್ಲಿ ಅನುಭವಿಸುವವರೇ ಪಂಡಿತರು.

ಇದು ಯಾರೋ ಪುಂಡರ ಬೇಡಿಕೆಯೂ ಅಲ್ಲ. 1964-66ರ ಕೊಠಾರಿ ಆಯೋಗವೇ ಅಧ್ಯಾಪಕರು, ವಿದ್ಯಾರ್ಥಿಗಳು ಸೇರಿದ ಜಂಟಿ ಸಮಿತಿಗಳು ಬೇಕು ಎಂದಿತ್ತು. ಅಂದು ಹೇಳಿದ್ದನ್ನು ಇಂದೂ ಕೇಳಬೇಕಾಗಿ ಬಂದದ್ದೇ ನಾಚಿಕೆಗೇಡು.

ಮೇಷ್ಟ್ರೂ ಹೊರಗೇ!

ವಿದ್ಯಾರ್ಥಿಗಳನ್ನು ಬಿಟ್ಟು ಉಳಿದವರೆಲ್ಲ ಒಳಗಿದ್ದಾರೆ ಎಂದುಕೊಳ್ಳಬೇಡಿ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ಬಂಡಿ ಎಳೆಯುತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಹೆಸರು ಅತಿಥಿ, ದುಡಿಮೆ ಮನೆಯವರದು! ಹದಿನೈದು, ಇಪ್ಪತ್ತು ವರ್ಷ ಅತಿಥಿಯಾಗಿಯೇ ಉಳಿದವರಿದ್ದಾರೆ. 2021-22ರಲ್ಲಿ ಒಮ್ಮೆ, 2023-24ರಲ್ಲಿ ಇನ್ನೊಮ್ಮೆ ಅವರು ತರಗತಿ ಬಿಟ್ಟು ಬೀದಿಗೆ ಬಂದರು. ಒಳಗೆ ಮಾತಾಡಲು ಕುರ್ಚಿ ಇಲ್ಲದವರು ಬೀದಿಗೆ ಬರದೆ ಇನ್ನೆಲ್ಲಿಗೆ ಹೋಗಬೇಕು? ಪಾಠ ನಿಂತಿತು, ನಷ್ಟ ನಿಮಗಾಯಿತು. ಅಟೆಂಡರು, ಗುಮಾಸ್ತರು, ಪ್ರಯೋಗಾಲಯದ ಸಹಾಯಕರು, ಹೊರಗುತ್ತಿಗೆಯ ಕಸ ಗುಡಿಸುವ ಅಕ್ಕಂದಿರು, ಇವರ ಮಾತಂತೂ ಎಲ್ಲೂ ದಾಖಲಾಗುವುದಿಲ್ಲ. ನಿಮ್ಮ ಹೋರಾಟ ಮತ್ತು ಅವರ ಹೋರಾಟ ಬೇರೆ ಬೇರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಭೆಯ ಭಾಷೆ ಯಾವುದು?

ಇನ್ನು ನಮ್ಮ ನಿಮ್ಮ ಮುಖ್ಯ ಮಾತು. ನಾಳೆ ಕುರ್ಚಿ ಸಿಕ್ಕಿತು ಎನ್ನೋಣ. ಬಸವಕಲ್ಯಾಣದ ಹುಡುಗಿ ಒಳಗೆ ಹೋಗಿ ಕೂತಳು. ಎದುರಿಗೆ ನೂರು ಪುಟದ ಇಂಗ್ಲಿಷ್ ಕಾರ್ಯಸೂಚಿ ಇಟ್ಟರು. ಅವಳು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಅವಳು ಸುಮ್ಮನೆ ಕೂತು ಸಹಿ ಹಾಕಿ ಎದ್ದು ಬರುತ್ತಾಳೆ. ಆಗ ಹೇಳುತ್ತಾರೆ, ನೋಡಿ, ಕುರ್ಚಿ ಕೊಟ್ಟರೂ ಇವರು ಮಾತಾಡುವುದಿಲ್ಲ ಎಂದು! ಸಭೆಯ ಭಾಷೆ ಅರ್ಥವಾಗದವನಿಗೆ ಮತ ಕೊಡುವುದೂ ಒಂದೇ, ಕುರುಡನಿಗೆ ಕನ್ನಡಿ ಕೊಡುವುದೂ ಒಂದೇ.

1963ರ ಆಡಳಿತ ಭಾಷಾ ಕಾಯ್ದೆಯಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವಿದೆ. ಇಷ್ಟಿದ್ದೂ ಸಿಂಡಿಕೇಟಿನ ನಡಾವಳಿ ಕನ್ನಡದಲ್ಲಿ ಸಿಗದಿದ್ದರೆ ಕನ್ನಡ ಬರೀ ನವೆಂಬರ್ ತಿಂಗಳ ಬಾವುಟ. ಮಂಠಾಳದ ಬೀದಿಯಲ್ಲಿ ಕನ್ನಡದ ಜೊತೆ ಮರಾಠಿ, ಉರ್ದು ಮಾತಾಡುವವರೂ ನಮ್ಮವರೇ. ಇಂಗ್ಲಿಷ್ ಗೋಡೆ ಅವರನ್ನೂ ನಮ್ಮಷ್ಟೇ ಹೊರಗೆ ನಿಲ್ಲಿಸಿದೆ. ಕನ್ನಡದಲ್ಲಿ ನಡೆದ ಸಭೆ ಅವರಿಗೂ ಬಾಗಿಲು ತೆರೆಯುತ್ತದೆ.

ನಾಳೆ ಬೆಳಿಗ್ಗೆ ಏನು ಮಾಡುತ್ತೀರಿ?

ಕಾಯ್ದೆ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕೆಲವು ಕುರ್ಚಿಗಳು ಈಗಾಗಲೇ ನಿಮ್ಮ ಹೆಸರಿನಲ್ಲಿವೆ. ಅವು ಖಾಲಿ ಬಿದ್ದಿವೆಯೋ, ಯಾರನ್ನೋ ಕೂರಿಸಿದ್ದಾರೋ, ಹೋಗಿ ನೋಡಿ.

ಒಂದು, ಯುಜಿಸಿಯ 2023ರ ನಿಯಮದ ಪ್ರಕಾರ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಒಬ್ಬ ವಿದ್ಯಾರ್ಥಿಯನ್ನು ವಿಶೇಷ ಆಹ್ವಾನಿತರಾಗಿ ಕರೆಯಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು.

ಎರಡು, ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ. ಯುಜಿಸಿಯ 2015ರ ನಿಯಮದಂತೆ, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಅದರಲ್ಲಿ ಮೂವರು ವಿದ್ಯಾರ್ಥಿಗಳಿರಬೇಕು. ಅವರನ್ನು ಪಾರದರ್ಶಕವಾಗಿ, ಪ್ರಜಾಸತ್ತಾತ್ಮಕವಾಗಿ ಚುನಾಯಿಸಬೇಕು. ಚುನಾಯಿಸಬೇಕು ಎಂಬ ಮಾತು ಅಲ್ಲಿದೆ, ನೆನಪಿಡಿ! ಇಬ್ಬರು ಬೋಧಕೇತರ ನೌಕರರಿಗೂ ಅದರಲ್ಲಿ ಜಾಗವಿದೆ.

ಮೂರು, ನ್ಯಾಕ್ ಹೇಳುವ ಆಂತರಿಕ ಗುಣಮಟ್ಟ ಖಾತರಿ ಕೋಶ. ಅದರಲ್ಲಿ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಊರಿನ ಪ್ರತಿನಿಧಿಗಳು ಇರಬೇಕು. ನಿಮ್ಮ ಕಾಲೇಜಿನ ಕೋಶದಲ್ಲಿ ಯಾರ ಹೆಸರಿದೆ ಎಂದು ಕೇಳಿ. ಆ ಹೆಸರಿನವರಿಗೇ ಅದು ಗೊತ್ತಿದೆಯೇ ಎಂದೂ ಕೇಳಿ.

ನಾಲ್ಕು, ಮಾಹಿತಿ ಹಕ್ಕು. ಹತ್ತು ರೂಪಾಯಿ, 150 ಪದ, ಒಂದೇ ವಿಷಯ, ಮೂವತ್ತು ದಿನ. ಸಿಂಡಿಕೇಟಿನ ನಡಾವಳಿ ಕೇಳಿ. ನೀವು ಕಟ್ಟಿದ ಫೀಸು ಯಾವ ಲೆಕ್ಕಕ್ಕೆ ಹೋಯಿತು ಎಂದು ಕೇಳಿ. ನಿಮ್ಮ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕೂ ನಿಮಗಿದೆ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ.

ಇವೆಲ್ಲ ಕಿಟಕಿಗಳು. ಬಾಗಿಲು ಬೇಕೆಂದರೆ ಕಾಯ್ದೆಗೇ ಕೈ ಹಾಕಬೇಕು. ಸರ್ಕಾರದ ಮುಂದೆ ನಾವಿಡಬೇಕಾದ ಬೇಡಿಕೆ ಉದ್ದವಿಲ್ಲ. ಸಿಂಡಿಕೇಟಿನಲ್ಲೂ ವಿದ್ಯಾವಿಷಯಕ ಪರಿಷತ್ತಿನಲ್ಲೂ ಚುನಾಯಿತ ವಿದ್ಯಾರ್ಥಿಗಳಿರಲಿ, ಅವರಲ್ಲಿ ಹೆಣ್ಣುಮಕ್ಕಳು ಇದ್ದೇ ಇರಲಿ. ಅತಿಥಿ ಉಪನ್ಯಾಸಕರಿಗೂ ಬೋಧಕೇತರ ಸಿಬ್ಬಂದಿಗೂ ಪ್ರತಿನಿಧಿ ಸಿಗಲಿ. ಲಿಂಗ್ಡೊ ಸಮಿತಿ ಹಾಕಿದ ಬೇಲಿಯೊಳಗೆ ಚುನಾವಣೆ ನಡೆಯಲಿ. ಕಾರ್ಯಸೂಚಿ, ನಡಾವಳಿ ಕನ್ನಡದಲ್ಲಿ ಬಂದು ಪ್ರತಿ ಕಾಲೇಜಿನ ಸೂಚನಾ ಫಲಕದ ಮೇಲೆ ಹತ್ತಲಿ.

371(ಜೆ) ಬಂದ ಮೇಲೆ ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ನಮ್ಮವರಿಗೆ ಸೀಟು ಮೀಸಲಾಯಿತು. ಅದು ಸುಮ್ಮನೆ ಸಿಗಲಿಲ್ಲ, ವರ್ಷಗಟ್ಟಲೆ ಕೇಳಿದ್ದರಿಂದ 2012ರಲ್ಲಿ ಸಂವಿಧಾನವೇ ತಿದ್ದುಪಡಿಯಾಯಿತು. ತರಗತಿಯಲ್ಲಿ ಸೀಟು ಗೆದ್ದವರು ಸಭೆಯಲ್ಲಿ ಕುರ್ಚಿ ಗೆಲ್ಲಲಾರರೇ?

ಪಟ್ಟಣದ ಕಾಲೇಜುಗಳಲ್ಲಿ ಓದುವ ಗೆಳೆಯರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ಕಚೇರಿಗಳು ನಿಮಗೆ ಹತ್ತಿರ. ಮಂಠಾಳದ ಹುಡುಗನಿಗೆ ಅವು ಸುಮಾರು ಏಳುನೂರು ಕಿಲೋಮೀಟರ್ ದೂರ. ಆ ಬಾಗಿಲು ನೀವು ತಟ್ಟುವಾಗ ಅವನ ಬಸ್ಸಿನ ಹೊತ್ತನ್ನೂ ನಿಮ್ಮ ಅರ್ಜಿಯಲ್ಲಿ ಬರೆಯಿರಿ. ಸೋಮವಾರ ಕಾಲೇಜಿಗೆ ಹೋದಾಗ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ನಮಸ್ಕಾರ ಹೇಳಿ, ಒಂದೇ ಪ್ರಶ್ನೆ ಕೇಳಿ: ಸರ್, ಕುಂದುಕೊರತೆ ಸಮಿತಿಯಲ್ಲಿ ನಮ್ಮ ಪ್ರತಿನಿಧಿ ಯಾರು?

ಉತ್ತರ ಸಿಗುವವರೆಗೆ ಪ್ರತಿ ಸೋಮವಾರ ಕೇಳಿ.